ಸಕ್ಕರೆಯವರ ಬ್ಯಾಚು

ಪುಣೆಯಲ್ಲಿ ಬೆಳಿಗ್ಗೆ ಐದೂವರೆಗೆ ಮನೆಯಿಂದ ಹೊರಬಿದ್ದರೆ ಊರಿನ ಹಿರಿಯರೆಲ್ಲ ಎತ್ತರದ ಕಡೆಗೆ ಹೊರಟಿರುವುದು ಕಾಣುತ್ತದೆ. ಒಂದು ಗುಂಪು ಪರ್ವತಿಗೆ, ಒಂದು ವೇತಾಳ ಟೇಕಡಿಗೆ, ಒಂದು ಹನುಮಾನ್ ಟೇಕಡಿಗೆ, ಮಿಕ್ಕವರು ತಳಜಾಯಿಗೆ. ಟೇಕಡಿ, ಅಂದರೆ ಗುಡ್ಡ, ಹತ್ತುವವರಿಗೆ ಈ ಊರಿನಲ್ಲಿರುವ ಮರ್ಯಾದೆ ಪಿಎಚ್.ಡಿ. ಮಾಡಿದವರಿಗೂ ಇಲ್ಲ, ಪಿಎಚ್.ಡಿ. ಮಾಡಿದವರು ಇಲ್ಲಿ ಓಣಿಗೊಬ್ಬರು ಸಿಗುತ್ತಾರೆ. ನಮ್ಮ ಸೊಸೈಟಿಯ ಹಿರಿಯರೊಬ್ಬರು, ಎಪ್ಪತ್ತೈದು ದಾಟಿದವರು, ಯಾರಿಗಾದರೂ ಪರಿಚಯ ಹೇಳಿಕೊಳ್ಳುವಾಗ ತಮ್ಮ ಹೆಸರಿಗಿಂತ ಮೊದಲು ಪರ್ವತಿಯ 103 ಮೆಟ್ಟಿಲುಗಳನ್ನು ಹೇಳುತ್ತಾರೆ. ಹೆಸರು ಕೇಳುವಷ್ಟರಲ್ಲಿ ಲಿಫ್ಟು ಬಂದುಬಿಡುತ್ತದೆ. ಲಿಫ್ಟಿನಲ್ಲಿ ಅವರು ಹತ್ತುವುದು ಮೊದಲನೇ ಮಹಡಿಗೆ.

ಈ ಶ್ರೇಣಿಯಲ್ಲಿ ನಾವು ಟ್ಯಾಂಕಿನವರು ತೀರ ಕೆಳಗಿನವರು. ಅವರು ಹತ್ತುವವರು, ನಾವು ಇಳಿಯುವವರು. ಈಜುಕೊಳಕ್ಕೆ ಪುಣೆಯಲ್ಲಿ ಟ್ಯಾಂಕ್ ಎಂದೇ ರೂಢಿ: ಡೆಕ್ಕನ್ ಜಿಮಖಾನಾದ ಟಿಳಕ್ ಟ್ಯಾಂಕು, ಎಸ್.ಪಿ. ಕಾಲೇಜಿನ ಟ್ಯಾಂಕು, ಹೀಗೆ. ಪದಕದ ಆಸೆಯುಳ್ಳವರು ಬಾಲೇವಾಡಿಗೆ ಹೋಗುತ್ತಾರೆ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಅಲ್ಲಿ ದೊಡ್ಡ ಕ್ರೀಡಾಸಂಕೀರ್ಣವನ್ನೇ ಕಟ್ಟಿದರು. ನಮ್ಮದು ಅದ್ಯಾವುದೂ ಅಲ್ಲ, ಕೋಥ್ರೂಡಿನ ಕಡೆಯ ಒಂದು ಸಾಧಾರಣ ಟ್ಯಾಂಕು. ಅದರ ಆಳವಿಲ್ಲದ ತುದಿಯಲ್ಲಿ ಬೆಳಿಗ್ಗೆ ಒಂದು ಬ್ಯಾಚು ನಡೆಯುತ್ತದೆ. ನೋಟೀಸು ಬೋರ್ಡಿನಲ್ಲಿ ಅದರ ಹೆಸರು ಅಕ್ವಾ ಏರೋಬಿಕ್ಸ್. ಟ್ಯಾಂಕಿನ ಕಾವಲುಗಾರನಿಂದ ಹಿಡಿದು ಚಹಾದ ಗಾಡಿಯವನವರೆಗೆ ಮಿಕ್ಕೆಲ್ಲರ ಬಾಯಲ್ಲಿ ಅದು ಶುಗರ್‌ವಾಲ್ಯಾಂಚೀ ಬ್ಯಾಚ್, ಸಕ್ಕರೆಯವರ ಬ್ಯಾಚು.

ನಾನು ಈ ಬ್ಯಾಚಿಗೆ ಸೇರಿದ್ದು ಇಬ್ಬರು ಡಾಕ್ಟರರ ನಡುವೆ ಸಿಕ್ಕಿಹಾಕಿಕೊಂಡ ಮೇಲೆ. ಶುಗರಿನ ಡಾಕ್ಟರು ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಲೇಬೇಕು ಎಂದರು. ಮೊಣಕಾಲಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೆಟ್ಟಿಲು ಬೇಡ, ಏರು ಬೇಡ, ಹೆಚ್ಚು ನಡೆಯುವುದೂ ಬೇಡ ಎಂದರು. ಇಬ್ಬರದೂ ಸರಿ, ಇಬ್ಬರಿಗೂ ಫೀ ಕೊಟ್ಟವನು ನಾನು. ಅರವತ್ತು ದಾಟಿದ ಮೇಲೆ ಸಕ್ಕರೆ ಬಂದವರಲ್ಲಿ ಬಹಳ ಮಂದಿಗೆ ಈ ಜಗಳ ಗೊತ್ತು. ಶುಗರ್ ಇಳಿಯಬೇಕಾದರೆ ನಡೆಯಬೇಕು, ನಡೆಯಬೇಕಾದರೆ ಮೊಣಕಾಲು ಬೇಕು, ಮೊಣಕಾಲು ಉಳಿಯಬೇಕಾದರೆ ತೂಕ ಇಳಿಯಬೇಕು, ತೂಕ ಇಳಿಯಬೇಕಾದರೆ ನಡೆಯಬೇಕು. ಈ ಸುತ್ತಿನಿಂದ ನನ್ನನ್ನು ಹೊರಗೆಳೆದವಳು ಫಿಸಿಯೊಥೆರಪಿ ಮಾಡುವ ಹುಡುಗಿ. ಮಾಲೀಸು ಮಾಡುತ್ತ ಮಾಡುತ್ತ, “ಕಾಕಾ, ನೀವು ನೀರಿಗ್ಯಾಕೆ ಇಳಿಯಬಾರದು?” ಎಂದಳು. ಮಾತಿನ ಧಾಟಿ ಕೇಳಿ ನನಗೆ ಒಂದು ಕ್ಷಣ ಬೇರೆಯೇ ಅರ್ಥವಾಗಿತ್ತು.

ಮನೆಯಲ್ಲಿ ಹೇಳಿದೆ. ನಾವು ಮೂಲತಃ ಧಾರವಾಡದವರು; ಪುಣೆಗೆ ಬಂದು ನಾಲ್ಕು ದಶಕವಾದರೂ ಮನೆಯೊಳಗಿನ ಮಾತು ಹೊಸ್ತಿಲು ದಾಟಿಲ್ಲ.

“ಅಲ್ರೀ, ಈ ವಯಸ್ಸಿನ್ಯಾಗ ಈಸು ಕಲೀತೀರೇನ್ರೀ?”

“ಈಸೂದಲ್ಲ. ನೀರಾಗ ನಿಂತು ಕೈಕಾಲು ಆಡಸೂದು.”

“ಅದಕ್ಕ ರೊಕ್ಕಾ ಬ್ಯಾರೆ ಕೊಡಬೇಕಾ? ಬಚ್ಚಲದಾಗ ನಿಂತು ಆಡಸ್ರಿ, ಪುಕ್ಕಟೆ ಆಗ್ತದ.”

ಅವಳ ಆಕ್ಷೇಪಣೆಯಲ್ಲಿ ನ್ಯಾಯವಿತ್ತು. ನಮ್ಮ ಕಡೆ ನೀರಿಗಿಳಿಯುವುದೆಂದರೆ ಈಸು ಬೀಳುವುದು. ಬೆನ್ನಿಗೆ ಬೆಂಡು ಕಟ್ಟಿ ಹುಡುಗರನ್ನು ಬಾವಿಗೆ ತಳ್ಳುತ್ತಿದ್ದರು. ಮೇಲೆ ಬಂದವನು ಕಲಿತ ಹಾಗೆ, ಬರದಿದ್ದವನನ್ನು ಕಾಕನೋ ಮಾವನೋ ಧುಮುಕಿ ಮೇಲೆತ್ತುತ್ತಿದ್ದ. ಕಲಿಸುವವರು ಫಾರ್ಮು ತುಂಬಿಸಿಕೊಳ್ಳುತ್ತಿರಲಿಲ್ಲ. ಪುಣೆಯಲ್ಲಿ ಫಾರ್ಮಿಲ್ಲದೆ ಏನೂ ನಡೆಯುವುದಿಲ್ಲ. ಡಾಕ್ಟರರ ಫಿಟ್‌ನೆಸ್ ಸರ್ಟಿಫಿಕೇಟು ಬೇಕು, ಫೋಟೊ ಬೇಕು, ಆಧಾರ್ ಬೇಕು, ತುರ್ತಿಗೆ ಫೋನು ಮಾಡಬೇಕಾದವರ ಹೆಸರು ಬೇಕು. ನೈಲಾನ್ ಕಾಸ್ಟ್ಯೂಮ್ ಕಡ್ಡಾಯ, ತಲೆಗೆ ಟೋಪಿ ಕಡ್ಡಾಯ. ನನ್ನ ಹಿಂದೆ ನಿಂತಿದ್ದ ಗೃಹಸ್ಥರು ತಮ್ಮ ನುಣ್ಣನೆ ತಲೆಯನ್ನು ಗುಮಾಸ್ತನ ಕಡೆ ಬಾಗಿಸಿ, ಇದಕ್ಕೂ ಟೋಪಿ ಬೇಕೇ ಎಂದು ಕೇಳಿದರು. ಗುಮಾಸ್ತ ತಲೆ ಎತ್ತಿ ನೋಡಲೂ ಇಲ್ಲ. “ನಿಯಮದಲ್ಲಿ ತಲೆ ಅಂತ ಇದೆ, ಕೂದಲು ಅಂತ ಇಲ್ಲ” ಎಂದ. ಪುಣೇರಿ ಪಾಟಿ ಎಂದು ಹೆಸರಾದ ಇಲ್ಲಿನ ಖಾರದ ಬೋರ್ಡುಗಳು ಎಲ್ಲಿಂದ ಹುಟ್ಟುತ್ತವೆ ಎಂಬುದು ನನಗೆ ಅಲ್ಲಿ ಗೊತ್ತಾಯಿತು. ನಮ್ಮ ಟ್ಯಾಂಕಿನ ಗೋಡೆಯ ಮೇಲೂ ಒಂದು ಬೋರ್ಡಿದೆ. ಹರಟೆ ಹೊಡೆಯುವವರಿಗೆ ಹೊರಗೆ ಕಟ್ಟೆ ಕಟ್ಟಿಸಿದೆ, ಅದಕ್ಕೆ ಫೀ ಇಲ್ಲ ಎಂದು ಮರಾಠಿಯಲ್ಲಿ ಬರೆಸಿದ್ದಾರೆ. ಇನ್ನೊಂದು ಬೋರ್ಡಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬ್ಯಾಂಕಿನ ಮ್ಯಾನೇಜರು, ಪೊಲೀಸ್ ಇಲಾಖೆಯ ಒಬ್ಬ ದೊಡ್ಡ ಸಾಹೇಬರು, ಸಂಸ್ಕೃತದ ಪ್ರೊಫೆಸರು, ಹೋಟೆಲು ಮಕ್ಕಳಿಗೆ ವಹಿಸಿಕೊಟ್ಟು ಕೂತ ಕುಂದಾಪುರದ ಶೆಟ್ಟರು, ಎಲ್ಲರೂ ನಿವೃತ್ತರು. ಎಲ್ಲರೂ ನೀಲಿ ಚಡ್ಡಿ, ನೀಲಿ ಟೋಪಿಯಲ್ಲಿ. ಅಧಿಕಾರ ಅನ್ನುವುದು ಎಷ್ಟರಮಟ್ಟಿಗೆ ಪ್ಯಾಂಟಿನಲ್ಲಿತ್ತು ಅನ್ನುವುದು ತಿಳಿಯಲು ಅಲ್ಲಿಗೇ ಹೋಗಬೇಕು. ನೀರಿಗಿಳಿದು ಎದೆಯವರೆಗೆ ಮುಚ್ಚಿಕೊಂಡ ಮೇಲೆಯೇ ಒಬ್ಬರಿಗೊಬ್ಬರು ನಮಸ್ಕಾರ ಹೇಳಿದ್ದು.

ಕಲಿಸುವವಳಿಗೆ ಇಪ್ಪತ್ತೈದರ ಸುಮಾರು. ದಡದ ಮೇಲೆ ನಿಂತು, ಸ್ಪೀಕರಿನಲ್ಲಿ ಹಳೇ ಹಿಂದಿ ಹಾಡು ಹಾಕಿ, ತಾನು ಒಣಗಿದ ನೆಲದಲ್ಲಿ ಮಾಡಿ ತೋರಿಸುತ್ತಾಳೆ; ನಾವು ನೀರಿನಲ್ಲಿ ಅದರ ಕಾಲುಭಾಗ ಮಾಡುತ್ತೇವೆ. ಮೊದಲು ನಿಂತಲ್ಲೇ ಕವಾಯತು. ಆಮೇಲೆ ಮೊಣಕಾಲನ್ನು ಸೊಂಟದ ಮಟ್ಟಕ್ಕೆ ಎತ್ತಿ ಓಟ. “ಕಾಕಾ, ಗುಡಘೇ ವರ!” ಎಂದು ಅವಳು ಕೂಗಿದರೆ ಇಡೀ ಬ್ಯಾಚಿನ ಗುಡಘೇ, ಅಂದರೆ ಮೊಣಕಾಲು, ಮೇಲೇಳುತ್ತವೆ, ಯಾರ ಮೊಣಕಾಲು ಎಷ್ಟು ಎದ್ದಿತು ಎನ್ನುವುದು ನೀರೊಳಗಿನ ಗುಟ್ಟು. ನಂತರ ಕೈ. ಅಂಗೈಯನ್ನು ಅಡ್ಡ ಹಿಡಿದು ಬೆರಳಂಚಿನಿಂದ ನೀರನ್ನು ಸೀಳಿದರೆ ಕೈ ಹಗುರಾಗಿ ಹೋಗುತ್ತದೆ. ಅದೇ ಅಂಗೈಯನ್ನು ಎದುರಿಗೆ ತಿರುಗಿಸಿ ಬೆರಳು ಕೂಡಿಸಿ ತಳ್ಳಿದರೆ ನೀರು ಒಪ್ಪುವುದಿಲ್ಲ, ತೋಳು ನಡುಗುತ್ತದೆ. ಜೋರಾಗಿ ತಳ್ಳಿದಷ್ಟೂ ಅದರ ವಿರೋಧ ಜೋರು. ಹಿಂದಕ್ಕೆ ಎಳೆದುಕೊಳ್ಳುವಾಗಲೂ ಬಿಡುವುದಿಲ್ಲ. ನೆಲದ ಮೇಲೆ ಡಂಬೆಲ್ಸ್ ಎತ್ತಿದವನಿಗೆ ಇಳಿಸುವಾಗ ಭೂಮಿಯ ಸಹಾಯವಿರುತ್ತದೆ; ನೀರಿನಲ್ಲಿ ಹೋಗುವ ದಾರಿಗೂ ಬರುವ ದಾರಿಗೂ ಕೂಲಿ ತೆರಬೇಕು. ನಮ್ಮ ಡಂಬೆಲ್ಸ್ ಫೋಮಿನವು, ಕಿರುಬೆರಳಲ್ಲಿ ಎತ್ತಬಹುದು. ಅದನ್ನು ನೀರೊಳಗೆ ಅದುಮಿ ಹಿಡಿಯಿರಿ ಎಂದಾಗ ಪೊಲೀಸ್ ಸಾಹೇಬರು ಮುಗ್ಗರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ನೀರಿನ ಲೆಕ್ಕಾಚಾರವನ್ನು ನಮ್ಮ ಬ್ಯಾಚಿನಲ್ಲಿ ವಿವರಿಸುವವರು ಪ್ರೊಫೆಸರು. ಸೊಂಟದವರೆಗಿನ ನೀರಿನಲ್ಲಿ ನಿಂತರೆ ಕಾಲ ಮೇಲೆ ಬೀಳುವ ಭಾರ ಅರ್ಧಕ್ಕಿಳಿಯುತ್ತದೆ, ಎದೆಯವರೆಗೆ ಬಂದರೆ ಮೂರರಲ್ಲೊಂದು ಪಾಲಿನ ಆಸುಪಾಸಿಗೆ. ತೊಂಬತ್ತು ಕಿಲೋದ ಮನುಷ್ಯನ ಮೊಣಕಾಲಿಗೆ ಮೂವತ್ತು ಕಿಲೋದ ಹುಡುಗನ ಹೊರೆ. ಹಾಗೆಂದು ಸ್ನಾಯುಗಳಿಗೆ ರಜೆಯಿಲ್ಲ. ಗಾಳಿಗಿಂತ ನೀರು ಎಂಟುನೂರು ಪಟ್ಟಿಗೂ ಹೆಚ್ಚು ದಟ್ಟ. ಹೊರೆ ಕಡಿಮೆ, ಕೆಲಸ ಹೆಚ್ಚು. ಸಕ್ಕರೆಯ ದೃಷ್ಟಿಯಿಂದ ಬೇಕಾದದ್ದು ಈ ಎರಡನೆಯದು. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಲ್ಲಿನ ಗ್ಲೂಕೋಸನ್ನು ತಾನೇ ಒಳಕ್ಕೆಳೆದುಕೊಳ್ಳುತ್ತದೆ. ಅದಕ್ಕೆ ಬೇರೆಯೇ ಬಾಗಿಲಿದೆ. ಟೈಪ್ ಟು ಡಯಾಬಿಟಿಸ್‌ನವರ ಮುಖ್ಯ ತಕರಾರು ಇನ್ಸುಲಿನ್ನಿನ ಮಾತನ್ನು ಮೈ ಕೇಳದಿರುವುದು. ಒಮ್ಮೆ ಚೆನ್ನಾಗಿ ವ್ಯಾಯಾಮ ಮಾಡಿದರೆ ಒಂದೆರಡು ದಿನದ ಮಟ್ಟಿಗೆ ಆ ಕಿವುಡು ಕಡಿಮೆಯಾಗುತ್ತದೆ. ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಬೇಡಿ ಎಂದು ಡಾಕ್ಟರರು ಹೇಳುವುದು ಇದಕ್ಕೇ. ಭಾನುವಾರ ಮಾತ್ರ ಬಂದು ಇಡೀ ವಾರದ ಲೆಕ್ಕ ತೀರಿಸುವವರು ನಮ್ಮಲ್ಲೂ ಇದ್ದಾರೆ. ಅವರ ರಿಪೋರ್ಟಿನ ಸುದ್ದಿ ಯಾರೂ ಎತ್ತುವುದಿಲ್ಲ.

ಹಾಗಾದರೆ ನೀರಿನಲ್ಲಿ ಮಾಡಿದರೆ ನೆಲದಲ್ಲಿ ಮಾಡಿದ್ದಕ್ಕಿಂತ ಹೆಚ್ಚು ಸಕ್ಕರೆ ಇಳಿಯುತ್ತದೆಯೇ? ಇಲ್ಲ. ಟ್ಯಾಂಕಿನವನಾಗಿ ಇದನ್ನು ಹೇಳಲು ಸಂಕಟವಾಗುತ್ತದೆ, ಆದರೂ ಇಲ್ಲ. ಈ ಬಗೆಯ ಸಣ್ಣ ಸಣ್ಣ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ಒಂದು ಲೇಖನ 2017ರಲ್ಲಿ ಬಂತು. ಏನೂ ಮಾಡದೆ ಕೂತವರಿಗೆ ಹೋಲಿಸಿದರೆ ನೀರಿನ ವ್ಯಾಯಾಮದವರ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆಯ ಅಂಕಿ, ಹೆಚ್ಚುಕಡಿಮೆ ಒಂದರಷ್ಟು ಇಳಿದಿತ್ತು. ಎಂಟಿದ್ದವರದು ಏಳಾಯಿತು ಅನ್ನಿ. ಕೆಲವು ಮಾತ್ರೆಗಳೂ ಇಷ್ಟೇ ಇಳಿಸುವುದು. ನೆಲದ ಮೇಲೆ ವ್ಯಾಯಾಮ ಮಾಡಿದವರಿಗೆ ಹೋಲಿಸಿದರೆ ಮಾತ್ರ ವ್ಯತ್ಯಾಸವೇ ಇರಲಿಲ್ಲ. ಇದನ್ನು ನಾನು ಸೊಸೈಟಿಯ ಪರ್ವತಿ ಹಿರಿಯರಿಗೆ ಹೇಳಿದಾಗ ಅವರು ಬಹಳ ಸಂತೋಷಪಟ್ಟರು. “ಮತ್ತೆ ಇಷ್ಟು ಕ್ಲೋರಿನ್ ಯಾಕೆ ಕುಡಿಯುತ್ತೀರಿ?” ಎಂದರು. ಅವರ ಮೊಣಕಾಲು ಇನ್ನೂ ಅವರ ಮಾತು ಕೇಳುತ್ತಿದೆ. ಕೇಳುವುದನ್ನು ನಿಲ್ಲಿಸಿದ ದಿನ ನಮ್ಮ ಟ್ಯಾಂಕಿನಲ್ಲಿ ಅವರಿಗೊಂದು ನೀಲಿ ಟೋಪಿ ಕಾದಿರುತ್ತದೆ.

ನೀರಿನ ಒತ್ತಡದಿಂದ ಇನ್ನೊಂದು ಪರಿಣಾಮವಿದೆ, ಮೇಲೆ ಹೇಳಿದ ಬೋರ್ಡು ಅದಕ್ಕೆ ಸಂಬಂಧಿಸಿದ್ದು. ಎದೆಮಟ್ಟದ ನೀರಿನಲ್ಲಿ ನಿಂತಾಗ ಕಾಲು ಹೊಟ್ಟೆಗಳ ರಕ್ತ ಮೇಲಕ್ಕೆ, ಎದೆಗೂಡಿನ ಕಡೆಗೆ ಒತ್ತಲ್ಪಡುತ್ತದೆ. ಹೃದಯಕ್ಕೆ ಇಷ್ಟೊಂದು ರಕ್ತ ಬಂತಲ್ಲ, ಮೈಯಲ್ಲಿ ನೀರು ಹೆಚ್ಚಾಗಿರಬೇಕು ಎನ್ನಿಸಿ ಅದು ಮೂತ್ರಪಿಂಡಕ್ಕೆ ಸಂದೇಶ ಕಳಿಸುತ್ತದೆ. ಆರೋಗ್ಯವಂತನಿಗೇ ಹೀಗಾಗುತ್ತದೆ, ಇನ್ನು ಮೊದಲೇ ಗಂಟೆಗೊಮ್ಮೆ ಎದ್ದು ಹೋಗುವ ಸಕ್ಕರೆಯವರ ಇಡೀ ಬ್ಯಾಚನ್ನು ಮುಕ್ಕಾಲು ಗಂಟೆ ನೀರಲ್ಲಿ ನಿಲ್ಲಿಸಿದರೆ? ಗೋಡೆಯ ಬೋರ್ಡು ಹೇಳುತ್ತದೆ: “ಶೌಚಾಲಯ ಬಲಕ್ಕಿದೆ. ಇದು ಟ್ಯಾಂಕು. ಹಿರಿಯರಿಗೆ ವ್ಯತ್ಯಾಸ ತಿಳಿದಿರುತ್ತದೆಂದು ನಂಬಿದ್ದೇವೆ.” ಹಾಗಾಗಿ ತರಗತಿಯ ನಡುವೆ ಯಾರಾದರೊಬ್ಬರು ಏಣಿ ಹತ್ತಿ ಬಲಕ್ಕೆ ಹೋಗುತ್ತಿರುತ್ತಾರೆ. ಹಾಗೆ ಹೋದವರನ್ನು ಉಳಿದವರು ಗೌರವದಿಂದ ನೋಡುತ್ತಾರೆ. ಒಮ್ಮೆಯೂ ಹೋಗದವರ ಪಕ್ಕದಲ್ಲಿ ನಿಲ್ಲಲು ಜನ ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ.

ನಮ್ಮ ಬ್ಯಾಚಿನಲ್ಲಿ ಒಬ್ಬರು ಕಡ್ಡಿಯಂತೆ ಸಣ್ಣಗಿದ್ದಾರೆ. ನೀರಿನಲ್ಲಿ ಅವರನ್ನು ಕಂಡವರೆಲ್ಲ, ನಿಮಗ್ಯಾಕೆ ಬಂತು ಎಂದು ಕೇಳಿ ಕೇಳಿ ಅವರಿಗೆ ಸಾಕಾಗಿದೆ. ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಇದೇ ಊರಿನ ರಾಸ್ತಾ ಪೇಠೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿ, ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ತಂಡ. 1993ರಲ್ಲಿ ಪುಣೆಯ ಸುತ್ತಲಿನ ಆರು ಹಳ್ಳಿಗಳ ಬಸುರಿಯರಿಂದ ಅವರು ಶುರುಮಾಡಿದ ಅಧ್ಯಯನ ಜಗತ್ತಿನ ಸಕ್ಕರೆ ವೈದ್ಯರ ಬಾಯಲ್ಲಿದೆ. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋದ ಸುಮಾರು, ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 3.5 ಕಿಲೋ. ನಮ್ಮ ಕೂಸು ಎಲ್ಲದರಲ್ಲೂ ಸಣ್ಣದು. ಆದರೆ ಚರ್ಮದ ಕೆಳಗಿನ ಕೊಬ್ಬಿನಲ್ಲಿ ಮಾತ್ರ ಅಷ್ಟೇನೂ ಹಿಂದೆ ಬಿದ್ದಿರಲಿಲ್ಲ. ಕಡಿಮೆಯಿದ್ದದ್ದು ಸ್ನಾಯು. ಸಣಕಲಾಗಿ ಕಾಣುವ ಕೊಬ್ಬಿನ ಮನುಷ್ಯ ಗರ್ಭದಲ್ಲೇ ತಯಾರಾಗುತ್ತಾನೆ ಎಂದಾಯಿತು.

2004ರಲ್ಲಿ ಯಾಜ್ಞಿಕರು ಲಂಡನ್ನಿನ ಜಾನ್ ಯುಡ್ಕಿನ್ ಎಂಬ ವೈದ್ಯರ ಜೊತೆ ನಿಂತು ಫೋಟೊ ತೆಗೆಸಿಕೊಂಡು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದೇ ಒಂದು ಪುಟ ಬರೆದರು. ಇಬ್ಬರದೂ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಬಿ.ಎಂ.ಐ., ಸರಿಸಮ 22.3. ಮೈಯ ಕೊಬ್ಬು ಅಳೆದರೆ ಯುಡ್ಕಿನ್ನರದು ಶೇಕಡ 9.1, ಯಾಜ್ಞಿಕರದು ಶೇಕಡ 21.2. ಕಾರಣಗಳಲ್ಲಿ ಒಂದನ್ನು ಅವರೇ ಅಲ್ಲಿ ಕೊಟ್ಟಿದ್ದಾರೆ: ಯುಡ್ಕಿನ್ ಮ್ಯಾರಥಾನ್ ಓಡುತ್ತಾರೆ, ಯಾಜ್ಞಿಕರ ಮುಖ್ಯ ವ್ಯಾಯಾಮವೆಂದರೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವುದರೊಳಗೆ ಓಡಿ ಸೇರಿಕೊಳ್ಳುವುದು. ವೈದ್ಯಕೀಯ ಪತ್ರಿಕೆಗಳಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕ ವಾಕ್ಯ ಇದು. ತಮ್ಮ ಮೈಯನ್ನೇ ಮುಂದಿಟ್ಟು ದೇಶದ ಕಥೆ ಹೇಳುವ ಧೈರ್ಯ ಎಲ್ಲ ಪ್ರೊಫೆಸರರಿಗೂ ಬರುವುದಿಲ್ಲ. ಐ.ಸಿ.ಎಂ.ಆರ್. ನೆರವಿನ ದೊಡ್ಡ ಸಮೀಕ್ಷೆಯ ಪ್ರಕಾರ, ಅದರ ವರದಿ 2023ರಲ್ಲಿ ಬಂತು, ಭಾರತದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಅವರಲ್ಲಿ ಎಷ್ಟೋ ಜನ ನಮ್ಮ ಕಡ್ಡಿಯವರ ಜಾತಿಯವರೇ. ಈಗ ಅವರು ನಿಮಗ್ಯಾಕೆ ಬಂತು ಎಂದವರಿಗೆ, “ನನ್ನದು ಲ್ಯಾನ್ಸೆಟ್‌ನಲ್ಲಿ ಬಂದಿದೆ” ಎಂದಷ್ಟೇ ಹೇಳಿ ಕವಾಯತು ಮುಂದುವರಿಸುತ್ತಾರೆ.

ವ್ಯಾಯಾಮ ಎಷ್ಟು ಜೋರಾಗಿರಬೇಕು ಎನ್ನುವುದಕ್ಕೆ ನಾಡಿ ಹಿಡಿದು ನೋಡುವುದು ನೀರಿನಲ್ಲಿ ಅಷ್ಟು ನಂಬುವಂಥದ್ದಲ್ಲ. ಅದೇ ಶ್ರಮಕ್ಕೆ ಎದೆಬಡಿತ ನೆಲಕ್ಕಿಂತ ಸ್ವಲ್ಪ ಕಡಿಮೆಯೇ ತೋರುತ್ತದೆ. ಅದರ ಬದಲು ಸುಲಭದ ಅಳತೆಯೊಂದಿದೆ: ಮಾತಾಡಲು ಬರಬೇಕು, ಹಾಡಲು ಬರಬಾರದು. ಇದನ್ನು ಕಂಡುಹಿಡಿದವರು ಪುಣೆಯನ್ನು ನೋಡಿರಲಾರರು. ಇಲ್ಲಿ ಮಾತಾಡಲು ಬಾರದ ಸ್ಥಿತಿಗೆ ಮನುಷ್ಯನನ್ನು ತರುವ ವ್ಯಾಯಾಮ ಇನ್ನೂ ಹುಟ್ಟಿಲ್ಲ. ಹಾಡಿನ ವಿಷಯವೂ ಅಷ್ಟೆ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರ ಹೆಸರಿನಲ್ಲಿ ಅವರ ಶಿಷ್ಯ ಭೀಮಸೇನ ಜೋಶಿಯವರು ಕಟ್ಟಿ ಬೆಳೆಸಿದ ಸಂಗೀತೋತ್ಸವ 1953ರಿಂದ ಈ ಊರಿನಲ್ಲಿ ನಡೆಯುತ್ತಿದೆ. ಡಿಸೆಂಬರು ಬಂತೆಂದರೆ ಪುಣೆಯ ಅರ್ಧ ಜನ ಗಾಯಕರು, ಇನ್ನರ್ಧ ವಿಮರ್ಶಕರು. ನಮ್ಮ ಬ್ಯಾಚಿನ ಕುಲಕರ್ಣಿ ಮನೆತನದ ಒಬ್ಬರು ಕವಾಯತಿನ ನಡುವೆಯೇ ತೋಡಿ ಎತ್ತುತ್ತಾರೆ. ದಡದ ಹುಡುಗಿ ಸ್ಪೀಕರು ನಿಲ್ಲಿಸಿ, “ಕಾಕಾ, ತಾನ್ ಬರುತ್ತಿದೆ ಅಂದರೆ ವ್ಯಾಯಾಮ ಆಗುತ್ತಿಲ್ಲ” ಎಂದು ಹೇಳಿದ್ದಕ್ಕೆ ಅವರು ವಿಲಂಬಿತ್ ಬಿಟ್ಟು ದ್ರುತಕ್ಕೆ ಬಂದರೇ ಹೊರತು ನಿಲ್ಲಿಸಲಿಲ್ಲ.

ಊಟದ ವಾದವಂತೂ ನೀರಿನಲ್ಲೇ ಹೆಚ್ಚು. ದಿನಕ್ಕೆ ಎರಡೇ ಊಟ, ಒಂದೊಂದಕ್ಕೆ 55 ನಿಮಿಷ ಎನ್ನುವ ಡಾ. ಜಗನ್ನಾಥ ದೀಕ್ಷಿತರ ಡಯಟ್ಟು ಮಹಾರಾಷ್ಟ್ರದ ಮನೆಮನೆಯಲ್ಲಿದೆ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಬೇಕೆನ್ನುವ ಪಂಥ ಇನ್ನೊಂದು. ದ್ವೈತ ಅದ್ವೈತಗಳ ನಡುವೆಯೂ ಇಷ್ಟು ಜಗಳವಿರಲಿಲ್ಲ. ಕುಂದಾಪುರದ ಶೆಟ್ಟರು ಇಬ್ಬರ ಮಾತೂ ಕೇಳಿ ಕೊನೆಗೆ, “ನಾವ್ ಹೋಟ್ಲಿನವರು ಮಾರಾಯ್ರೆ, ಇಬ್ಬರೂ ಬಂದ್ರೆ ಇಬ್ಬರಿಗೂ ಕೊಡುದು” ಎಂದುಬಿಟ್ಟರು. ಪುಣೆಗೆ ದೋಸೆಯ ರುಚಿ ಹತ್ತಿಸಿದವರಲ್ಲಿ ಕರಾವಳಿಯವರ ಪಾಲು ದೊಡ್ಡದು. ಫರ್ಗ್ಯುಸನ್ ಕಾಲೇಜ್ ರಸ್ತೆಯ ವೈಶಾಲಿ, ರೂಪಾಲಿಗಳನ್ನು ಬೆಳೆಸಿದ ಜಗನ್ನಾಥ ಶೆಟ್ಟರು 2023ರಲ್ಲಿ ತೀರಿಕೊಂಡಾಗ ಮರಾಠಿ ಪತ್ರಿಕೆಗಳು ಊರಿನ ಹಿರಿಯರಿಗೆ ಸಲ್ಲುವ ಮರ್ಯಾದೆ ಸಲ್ಲಿಸಿದವು. ಕನ್ನಡದವರು ಮುಂಜಾನೆ ಪುಣೆಯವರ ಹೊಟ್ಟೆ ತುಂಬಿಸಿದರು, ನಾನು ಅದನ್ನು ಕರಗಿಸಲು ಟ್ಯಾಂಕಿಗೆ ಬರುತ್ತೇನೆ. ಅಪಾಯವೇನೆಂದರೆ ಟ್ಯಾಂಕಿನಿಂದ ಎದ್ದು ಬಂದ ಮೇಲೆ ಹತ್ತುವ ಹಸಿವು. ಫ್ಲಾರಿಡಾ ವಿಶ್ವವಿದ್ಯಾಲಯದವರು 2005ರಲ್ಲಿ ಜನರನ್ನು ನೀರೊಳಗೆ ಸೈಕಲ್ ತುಳಿಸಿ ಆಮೇಲೆ ಬೇಕಾದಷ್ಟು ತಿನ್ನಲು ಬಿಟ್ಟರು. 20 ಡಿಗ್ರಿಯ ತಣ್ಣೀರಿನಲ್ಲಿ ತುಳಿದವರು ಬೆಚ್ಚನೆಯ ನೀರಿನವರಿಗಿಂತ ಶೇಕಡ 44ರಷ್ಟು ಹೆಚ್ಚು ಕ್ಯಾಲರಿ ತಿಂದರು. ಪುಣೆಯ ಜನವರಿಯಲ್ಲಿ ತೆರೆದ ಟ್ಯಾಂಕಿಗೆ ಇಳಿದವರಿಗೆ ಇದನ್ನು ವಿಶ್ವವಿದ್ಯಾಲಯ ಹೇಳಬೇಕಾಗಿಲ್ಲ. ಗೇಟಿನ ಹೊರಗೆ ಪೋಹೆ, ಸಾಬುದಾಣಾ ವಡೆಯ ಗಾಡಿ ನಿಂತಿರುವುದು ಆಕಸ್ಮಿಕವಲ್ಲ. ಆ ಗಾಡಿಯವನಿಗೆ ಶರೀರಶಾಸ್ತ್ರ ನಮ್ಮ ಪ್ರೊಫೆಸರರಿಗಿಂತ ಚೆನ್ನಾಗಿ ಗೊತ್ತಿದೆ.

ಇನ್ನು ಪೇಢೆಯ ಪ್ರಕರಣ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಕೆಲವು ಬಗೆಯ ಮಾತ್ರೆ ನುಂಗುವವರಿಗೆ ವ್ಯಾಯಾಮದ ನಡುವೆ ಶುಗರ್ ಥಟ್ಟನೆ ಇಳಿಯಬಹುದು. ನೆಲದ ಮೇಲಾದರೆ ಬೆವರು ಕಿತ್ತು ಬಂದು ಎಚ್ಚರಿಸುತ್ತದೆ. ನೀರಿನಲ್ಲಿ ಬೆವರು ಬಂದದ್ದೇ ಕಾಣುವುದಿಲ್ಲ, ನಡುಕ ಬಂದರೆ ಚಳಿ ಇರಬೇಕು ಅನ್ನಿಸುತ್ತದೆ. ಹಾಗಾಗಿ ದಡದಲ್ಲಿ ಸಿಹಿ ಏನಾದರೂ ಇಟ್ಟಿರಿ ಎಂದು ಡಾಕ್ಟರರು ಹೇಳಿದರು. ಡಾಕ್ಟರರ ಬಾಯಿಂದಲೇ ಸಿಹಿ ಎಂಬ ಮಾತು ಬಂದದ್ದು ಎಷ್ಟೋ ವರ್ಷಗಳ ಮೇಲೆ. ನಾನು ತಡಮಾಡದೆ ಊರಿಂದ ಬರುವವರ ಕೈಲಿ ಧಾರವಾಡ ಪೇಢೆ ತರಿಸಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಟವೆಲ್ಲಿನ ಕೆಳಗೆ ಇಡತೊಡಗಿದೆ. ತುರ್ತು ಪರಿಸ್ಥಿತಿ ನಮ್ಮ ಬ್ಯಾಚಿನಲ್ಲಿ ಪದೇಪದೇ ಬರತೊಡಗಿತು. ಪೊಲೀಸ್ ಸಾಹೇಬರಿಗೆ ಇಳಿದ ಹಾಗಾಗುತ್ತಿತ್ತು, ಪ್ರೊಫೆಸರರಿಗೆ ಕಣ್ಣು ಮಂಜಾದ ಹಾಗೆ. ಡಬ್ಬಿ ಹಗುರಾಗುವ ವೇಗ ನೋಡಿ ಮನೆಯಲ್ಲಿ, “ಅಲ್ರೀ, ಟ್ಯಾಂಕಿನ್ಯಾಗ ಮಂದಿ ದಿನಾ ಬೀಳ್ಳಿಕ್ಕತ್ತಾರೇನು?” ಎಂದು ವಿಚಾರಣೆ ಆಯಿತು. ಡಾಕ್ಟರರಿಗೆ ವಿಷಯ ಹೋಯಿತು. ಪೇಢೆ ನಡೆಯುವುದಿಲ್ಲ ಎಂದರು ಅವರು. ಕಾರಣ ಅದರ ಸಿಹಿಯಲ್ಲ, ಖವೆ. ಹಾಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ತುರ್ತಿನಲ್ಲಿ ಬೇಕಾದದ್ದು ಬರೇ ಗ್ಲೂಕೋಸ್ ಪುಡಿ ಇಲ್ಲವೆ ಸಕ್ಕರೆ ನೀರು, 15 ಗ್ರಾಮಿನಷ್ಟು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಗ್ಲೂಕೋಸ್ ಪುಡಿ ಬಂದ ಮೇಲೆ ಯಾರಿಗೂ ಶುಗರ್ ಇಳಿದಿಲ್ಲ.

ಕಾಲಿನ ವಿಷಯದಲ್ಲಿ ಮಾತ್ರ ನಗಬಾರದು. ಸಕ್ಕರೆ ಹಳೆಯದಾದರೆ ಪಾದದ ಸ್ಪರ್ಶ ಮಂಕಾಗುತ್ತದೆ. ಟ್ಯಾಂಕಿನ ತಳದ ಒರಟು ಟೈಲ್ಸ್ ತರಚಿದ್ದು, ದಡದ ಬಿಸಿಲು ಸುಟ್ಟದ್ದು ತಿಳಿಯುವುದೇ ಇಲ್ಲ. ಹುಣ್ಣಿದ್ದರೆ ನೀರಿಗಿಳಿಯಬಾರದು, ಇಲ್ಲದಿದ್ದರೂ ರಬ್ಬರಿನ ನೀರುಬೂಟು ಹಾಕಿಯೇ ಇಳಿಯಬೇಕು, ಎದ್ದ ಮೇಲೆ ಬೆರಳ ಸಂದಿ ಒರೆಸಿ ಪಾದ ತಿರುಗಿಸಿ ನೋಡಿಕೊಳ್ಳಬೇಕು. ಬಗ್ಗಲು ಹೊಟ್ಟೆ ಬಿಡದವರು ಒಬ್ಬರ ಪಾದ ಇನ್ನೊಬ್ಬರು ನೋಡುವ ಪದ್ಧತಿ ನಮ್ಮಲ್ಲಿದೆ. ಪೊಲೀಸ್ ಸಾಹೇಬರ ಪಾದ ನೋಡುವ ಯೋಗ ಶೆಟ್ಟರದು. ಇದೇ ಸಾಹೇಬರ ಕಾಲಕ್ಕೆ ಇವರ ಇಲಾಖೆಯವರು ತಮ್ಮ ಹೋಟೆಲಿನಲ್ಲಿ ಬಿಲ್ಲಿಲ್ಲದೆ ತಿಂದದ್ದನ್ನು ಶೆಟ್ಟರು ಆಗ ನೆನಪಿಸುತ್ತಾರೆ. ಕಾಲು ಇನ್ನೊಬ್ಬರ ಕೈಯಲ್ಲಿರುವಾಗ ಸಾಹೇಬರು ಏನೂ ಹೇಳುವುದಿಲ್ಲ.

ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಬಂದದ್ದು ಡೆಕ್ಕನ್ ಜಿಮಖಾನಾದಲ್ಲಿ ಯೋಗ ಕಲಿಸಲು. ಕೆಲವು ತಿಂಗಳಿಗೆಂದು ಬಂದವರು 2014ರಲ್ಲಿ ತೀರಿಕೊಳ್ಳುವವರೆಗೆ ಇಲ್ಲೇ ಉಳಿದರು. ಅವರ ಯೋಗಶಾಲೆಯಲ್ಲಿ ಹಗ್ಗ, ಹಲಗೆ, ಇಟ್ಟಿಗೆ, ಕುರ್ಚಿ, ಕಂಬಳಿಗಳೆಲ್ಲ ಆಸನಕ್ಕೆ ಆಸರೆ. ಬಾಗದ ಮೈಯನ್ನು ಗದರಿಸಿ ಬಾಗಿಸುವ ಬದಲು ಅದಕ್ಕೊಂದು ಊರುಗೋಲು ಕೊಟ್ಟರೆ ತಾನೇ ಬಾಗುತ್ತದೆ ಎನ್ನುವುದನ್ನು ಅವರು ಈ ಊರಿಗೆ ಕಲಿಸಿದರು. ಎದೆಮಟ್ಟದ ನೀರು ಆ ಸಾಲಿಗೇ ಸೇರುತ್ತದೆ ಎಂದು ನನ್ನ ಅಭಿಪ್ರಾಯ. ಅದು ಔಷಧಿಯಲ್ಲ, ಆಸರೆ. ನೆಲದ ಮೇಲೆ ನಾಲ್ಕು ಹೆಜ್ಜೆಗೆ ಕೂತುಬಿಡುವವನನ್ನು ಮುಕ್ಕಾಲು ಗಂಟೆ ನಿಲ್ಲಿಸಿ ದುಡಿಸುತ್ತದೆ, ಮರುದಿನ ಮೈ ನೋಯದೆ ಮತ್ತೆ ಕರೆತರುತ್ತದೆ. ಸಕ್ಕರೆ ಇಳಿಸುವುದು ನೀರಲ್ಲ, ಮರುದಿನ ಬಂದದ್ದು.

ಬರುವಂತೆ ಮಾಡುವುದರಲ್ಲಿ ಬ್ಯಾಚಿನ ಪಾಲೂ ಇದೆ. ಒಬ್ಬನೇ ವಾಕಿಂಗ್ ಹೋಗುವವನು ತಪ್ಪಿಸಿದರೆ ಕೇಳುವವರಿಲ್ಲ. ಇಲ್ಲಿ ಬಾರದವನಿಗೆ ಎಂಟು ಗಂಟೆಯೊಳಗೆ ಫೋನು ಬರುತ್ತದೆ; ಮೊದಲ ಪ್ರಶ್ನೆ, “ಆಸ್ಪತ್ರೆಯಲ್ಲಿದ್ದೀರಾ?” ಅಲ್ಲ ಎಂದರೆ ಎರಡನೆಯ ಪ್ರಶ್ನೆ ಇರುವುದಿಲ್ಲ, ಬೈಗುಳ ಮಾತ್ರ. ನಮ್ಮ ಮನೆಯವಳೂ ಕೊನೆಗೆ ಹೆಂಗಸರ ಬ್ಯಾಚಿಗೆ ಸೇರಿದಳು, ಮೊಣಕಾಲು ಮುಚ್ಚುವ, ತೋಳು ಮುಚ್ಚುವ ಕಾಸ್ಟ್ಯೂಮು ಹುಡುಕಲು ಲಕ್ಷ್ಮೀ ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿಸಿ. ಅಲ್ಲಿ ಬೆಳಗಾವಿಯವರೊಬ್ಬರು ಸಿಕ್ಕಿದ್ದಾರೆ. ಇಬ್ಬರೂ ನೀರಿನಲ್ಲಿ ಕನ್ನಡದಲ್ಲಿ ಅತ್ತೆಯರನ್ನು ಸ್ಮರಿಸುತ್ತಾರಂತೆ, ಮರಾಠಿಯಲ್ಲಿ ಸೊಸೆಯರನ್ನು. ಅವಳ ಎಚ್‌ಬಿಎ1ಸಿ ನನ್ನದಕ್ಕಿಂತ ಕಡಿಮೆ ಬಂದಿದೆ. ಬಚ್ಚಲಲ್ಲೇ ಕೈಕಾಲು ಆಡಿಸಬಹುದಿತ್ತಲ್ಲ ಎಂದು ನಾನು ಕೇಳಿಲ್ಲ, ಕೇಳುವ ಧೈರ್ಯವೂ ಇಲ್ಲ.

ಎಲ್ಲ ಊರಿನಲ್ಲೂ ಇಂಥ ಟ್ಯಾಂಕಿಲ್ಲ, ಎಲ್ಲರ ಕೈಗೂ ಅದರ ಫೀ ಎಟುಕುವುದಿಲ್ಲ, ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಬಡಾವಣೆಗಳು ಪುಣೆಯಲ್ಲೇ ಇವೆ. ಮೊಣಕಾಲು ಚೆನ್ನಾಗಿರುವವರು ಟೇಕಡಿಯನ್ನೋ ರಸ್ತೆಯನ್ನೋ ಹಿಡಿಯಿರಿ, ಲೆಕ್ಕ ಅಷ್ಟೇ ಬರುತ್ತದೆ. ಮೊಣಕಾಲು ಕೈಕೊಟ್ಟವರು, ಹತ್ತಿರದಲ್ಲಿ ಟ್ಯಾಂಕಿರುವವರು, ಈಜು ಬಾರದೆಂದು ಹಿಂಜರಿಯಬೇಡಿ; ನಮ್ಮ ಬ್ಯಾಚಿನಲ್ಲಿ ಈಜು ಬರುವವರು ಕಡಿಮೆ. ಹೃದಯ, ಕಣ್ಣು, ಪಾದ ಮೂರನ್ನೂ ಡಾಕ್ಟರರಿಗೆ ಒಮ್ಮೆ ತೋರಿಸಿ, ಗ್ಲೂಕೋಸ್ ಪುಡಿಯ ಡಬ್ಬಿ ಹಿಡಿದು ಬನ್ನಿ. ನಮ್ಮ ಟ್ಯಾಂಕಿಗೇ ಬರುವುದಾದರೆ ಫಾರ್ಮು ಬೆಳಿಗ್ಗೆ ಸಿಗುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಆಫೀಸು ಮುಚ್ಚಿರುತ್ತದೆ, ಬಾಗಿಲು ಬಡಿಯಬೇಡಿ.